ಬೆಂಕಿಪೊಟ್ಟಣದ ಹುಲಿ

ಆಗ ನನಗೆ ಒಂಬತ್ತು ವರ್ಷ. ಅರವತ್ತು ವರ್ಷದ ಹಿಂದಿನ ಮಾತು. ಮೊಮ್ಮಗಳು ಕಾರ್ಡಾಟದ ಹೊಸ ಪೊಟ್ಟಣ ಒಡೆದಾಗ ಬರುವ ಬಣ್ಣದ ವಾಸನೆಗೆ ಕತ್ರಿಗುಪ್ಪೆಯ ನಮ್ಮ ಜಗಲಿ ನೆನಪಾಗುತ್ತದೆ.

ನಾನು, ಪಕ್ಕದ ಮನೆಯ ನಂಜ, ಅವನ ತಮ್ಮ ಸೀನ ಆಡುತ್ತಿದ್ದುದು ಬೆಂಕಿಪೊಟ್ಟಣದ ಮೇಲಿನ ಚಿತ್ರಗಳಲ್ಲಿ. ಮೂವರೂ ಒಂದೊಂದು ಹಾಕಬೇಕು. ಜಿಂಕೆಗಿಂತ ಹುಲಿ ದೊಡ್ಡದು, ಹುಲಿಗಿಂತ ಕೋವಿ. ದೊಡ್ಡದು ಹಾಕಿದವರಿಗೆ ಎಲ್ಲವೂ. ಆ ದೊಡ್ಡದನ್ನೇ ಇಬ್ಬರು ಹಾಕಿದರೆ ಯಾರಿಗೂ ಇಲ್ಲ, ಗುಡ್ಡೆ ಹಾಗೇ ಬೆಳೆಯುತ್ತಿತ್ತು.

“ಇವತ್ತೂ ಸೋತ್ರೆ ನಾಳೆಯಿಂದ ಬರ್ಬೇಡ, ಹೋಗಿ ಪಾತ್ರೆ ತೊಳಿ,” ಎಂದ ನಂಜ. ಸೀನ ನಕ್ಕ. ನಾನು ರೇಗಿ ಹುಲಿ ಎತ್ತಿದೆ.

ನೆನೆದ ಅವರೆಕಾಳು ಹಿತುಕುತ್ತಿದ್ದ ಅಜ್ಜಿ ಅಂಟು ಕೈಯಿಂದ ನನ್ನ ಮಂಡಿ ಅದುಮಿದಳು. “ಅವರಿಬ್ರೂ ಕೋವಿ ಹಿಡ್ಕೊಂಡು ಕಿತ್ತಾಡ್ಲಿ ಕಣೇ. ಅದು ಮುಗಿಯೋವರ್ಗೂ ನೀನು ಜಿಂಕೆ ಹಾಕ್ತಿರು,” ಎಂದು ಪಿಸುಗುಟ್ಟಿದಳು.

“ನಿಂಗ್ಯಾರು ಹೇಳ್ಕೊಟ್ರು?”

“ಈ ಮನೆಗೆ ಸೊಸೆಯಾಗಿ ಬಂದ್ನಲ್ಲ.”

ಹಾಗೇ ಮಾಡಿದೆ. ಅಣ್ಣ ತಮ್ಮ ಹಟಕ್ಕೆ ಬಿದ್ದು ಕೋವಿಯ ಮೇಲೆ ಕೋವಿ ಹಾಕಿದರು. ಕೊನೆಗೆ ಅವರ ಕೈಯಲ್ಲಿ ಒಂದೊಂದು ಜಿಂಕೆ ಮಾತ್ರ ಉಳಿದು, ಅದನ್ನೂ ಹಾಕಿದರು. ಹುಲಿ ಹಾಕಿ ಇಡೀ ಗುಡ್ಡೆ ಬಾಚಿಕೊಂಡೆ. ಸೀನ ಅತ್ತ. “ಚಿತ್ರಾನೇ ಇಲ್ಲ, ಇನ್ನೇನ್ ಆಟ,” ಎಂದು ನಂಜ ಎದ್ದು ಹೋದ.

ಮರುದಿನ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಅವರ ಮನೆಗೆ ಹೋಗಿ, ಇಬ್ಬರಿಗೂ ಜಿಂಕೆ, ಹುಲಿ ಹಂಚಿ, ಕೋವಿಗಳನ್ನು ನಾನೇ ಇಟ್ಟುಕೊಂಡು ಆಟಕ್ಕೆ ಕರೆದೆ.