ಅಪ್ಪನ ಅಂಗೈ

ಎಳ್ಳೆಣ್ಣೆ ಕಾಯಿಸುವ ವಾಸನೆ ಬಂದರೆ ಇವತ್ತಿಗೂ ನನಗೆ ಒಂಟಿಕೊಪ್ಪಲಿನ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಎಂಟು ವರ್ಷ. ಜಟಕಾ ಗಾಡಿಗೆ ದಾರಿ ಬಿಡಲು ಹೋಗಿ ಅಪ್ಪ ಸೈಕಲ್ಲಿನಿಂದ ಬಿದ್ದು ಬಲಗೈ ಮುರಿದುಕೊಂಡಿದ್ದರು. ಕಟ್ಟು ಬಿಚ್ಚಿದಾಗ ಮೂಳೆ ಕೂಡಿತ್ತು, ಆದರೆ ಅಂಗೈ ಮೇಲಕ್ಕೆ ತಿರುಗುತ್ತಿರಲಿಲ್ಲ. ತುತ್ತು ಬಾಯಿಗೆ ಬರುವಷ್ಟರಲ್ಲಿ ಅನ್ನ ಉದುರಿಹೋಗುತ್ತಿತ್ತು. ಎಲ್ಲರ ಊಟವಾದ ಮೇಲೆ ಅವರೊಬ್ಬರೇ ಕೂತು ಚಮಚದಲ್ಲಿ ತಿನ್ನುತ್ತಿದ್ದರು. ಮದುವೆಮನೆಗಳಿಗೆ ಹೋಗುವುದನ್ನೂ ಬಿಟ್ಟಿದ್ದರು.

ಅಜ್ಜಿ ದಿನಾ ಬಿಸಿ ಎಣ್ಣೆ ಹಚ್ಚಿ ನೀವುತ್ತಿದ್ದರು. ಡಾಕ್ಟರು ಹೇಳಿಕೊಟ್ಟಂತೆ ಅಪ್ಪ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಲಟ್ಟಣಿಗೆ ಹಿಡಿದು, ಮುಂಗೈಯನ್ನು ಆಚೆ ಈಚೆ ತಿರುಗಿಸುತ್ತಿದ್ದರು.

"ಭುಜ ಎತ್ಬೇಡ ಕಣೋ, ಕೈ ತಿರುಗ್ಬೇಕು," ಎನ್ನುತ್ತಿದ್ದರು ಅಜ್ಜಿ.

ಮೊದಲೆಲ್ಲ ಅಪ್ಪ ಊಟದ ಕೊನೆಗೆ ಅಂಗೈಗೇ ಮಜ್ಜಿಗೆ ಹಾಕಿಸಿಕೊಂಡು ಕುಡಿಯುತ್ತಿದ್ದರು. ಆ ಮಧ್ಯಾಹ್ನ ನಾನು ಮಜ್ಜಿಗೆ ತಂದಾಗ ಅವರು ಲೋಟ ಸರಿಸಿ ಬಲಗೈ ಚಾಚಿದರು. ಅಂಗೈ ನಿಧಾನವಾಗಿ ಅರ್ಧ ತಿರುಗಿ ಅಲ್ಲೇ ನಿಂತಿತು. ನಾನು ಒಲೆಯ ಬಳಿ ಎಣ್ಣೆ ಕಾಯಿಸುತ್ತಿದ್ದ ಅಜ್ಜಿಯ ಮುಖ ನೋಡಿದೆ.

"ಹಾಕು ಕಣಮ್ಮ," ಎಂದರು ಅಪ್ಪ.

ಹಾಕಿದೆ. ಮುಕ್ಕಾಲು ಪಾಲು ಮಣಿಕಟ್ಟಿನಿಂದ ಇಳಿದು ಪಂಚೆಯ ಮೇಲೆ ಸುರಿಯಿತು. ಉಳಿದದ್ದನ್ನು ಅಪ್ಪ ಸದ್ದುಮಾಡಿ ಹೀರಿದರು. ನಾನು ಬಟ್ಟೆ ತರಲು ಎದ್ದೆ.

"ಅದಿರ್ಲಿ ಬುಡು, ಇನ್ನೊಂಚೂರು ಹಾಕು," ಎಂದು ಮತ್ತೆ ಕೈ ಚಾಚಿದರು.