ಮ್ಯಾನೇಜರರ ಪಾಲಿನ ಹೂವು

ಗೆಲುವಿನಲ್ಲಿ ಯಾರ ಪಾಲು ಎಷ್ಟೋ ಅಷ್ಟೇ ಉದ್ದದ ಹಾರ ಕಟ್ಟುವ ಯಂತ್ರ ಈಗ ಎಲ್ಲ ಊರಿನ ಹೂವಿನಂಗಡಿಯಲ್ಲೂ ಇದೆ. ಸೋತರೆ ಅದೇ ಯಂತ್ರ ಸೋಲಿನ ಪಾಲು ಲೆಕ್ಕ ಹಾಕಿ ಚಪ್ಪಲಿ ಹಾರ ಕಟ್ಟುತ್ತದೆ.

ಮಂಡ್ಯದ ಬ್ಯಾಸ್ಕೆಟ್‌ಬಾಲ್ ತಂಡ ಕಪ್ ಗೆದ್ದು ಬಂದ ಸಂಜೆ ಸನ್ಮಾನವಿತ್ತು. ಆಟಗಾರರ ಹಾರಗಳು ಮೊಣಕಾಲು ಮುಟ್ಟುತ್ತಿದ್ದವು. ಎಲ್ಲಕ್ಕಿಂತ ಉದ್ದದ್ದು ಎದುರಾಳಿ ನಾಯಕನ ಉಳುಕಿದ ಕಾಲಿಗೆ ಸಂದಿತ್ತು. ಆ ಹಾರವನ್ನು ಆಟೋದಲ್ಲಿ ಆಸ್ಪತ್ರೆಗೆ ಕಳಿಸಿದ್ದರು. ತಂಡವನ್ನು ಆರಿಸಿ ಕಟ್ಟಿದ ಮ್ಯಾನೇಜರ್ ಪುಟ್ಟಮಾದಯ್ಯನವರಿಗೆ ಸಿಕ್ಕಿದ್ದು ದಾರಕ್ಕೆ ಪೋಣಿಸಿದ ಒಂದೇ ಒಂದು ಚೆಂಡುಹೂವು.

ಅವರು ವೇದಿಕೆ ಇಳಿದು ನೇರವಾಗಿ ಕೆಂಪಾಜಮ್ಮನ ಹೂವಿನಂಗಡಿಗೆ ನುಗ್ಗಿದರು.

"ಇದೇನಮ್ಮಾ, ಹಾರವಾ ಇದು? ಊರೂರು ಸುತ್ತಿ ಈ ಹುಡುಗರನ್ನ ಹುಡುಕಿ ತಂದೋನು ಯಾರು? ನಿನ್ನ ಮಿಷನ್ನು ಕೆಟ್ಟೋಗಿದೆ!"

"ಹೋದ್ ವರ್ಸ ಸರಿಯಾಗಿತ್ತಾ ಸ್ವಾಮಿ?"

ಹೋದ ವರ್ಷ ತಂಡ ಎಲ್ಲ ಪಂದ್ಯವನ್ನೂ ಸೋತಿತ್ತು. ಆಗ ಪುಟ್ಟಮಾದಯ್ಯನವರ ಕೊರಳಿಗೆ ಬಿದ್ದದ್ದು ಒಂದೇ ಒಂದು ಹವಾಯಿ ಚಪ್ಪಲಿ. ಕೆಲಸ ಉಳಿಸಿದ ಆ ಚಪ್ಪಲಿಗೆ ಗಾಜಿನ ಚೌಕಟ್ಟು ಹಾಕಿಸಿ ಕಚೇರಿಯಲ್ಲಿ ತೂಗುಹಾಕಿದ್ದರು. ಬಂದವರಿಗೆಲ್ಲ ತೋರಿಸಿ, "ಮಿಷನ್ನು ಸುಳ್ಳು ಹೇಳಲ್ಲ ಕಣ್ರೀ" ಎನ್ನುತ್ತಿದ್ದರು.

"ಅದು ಬೇರೆ ವಿಚಾರ" ಎಂದರು ಪುಟ್ಟಮಾದಯ್ಯ.

"ಆಯ್ತು ಬುಡಿ, ರಿಪೇರಿ ಮಾಡಿಸ್ತೀನಿ. ಹಾರ ಉದ್ದ ಆಯ್ತದೆ. ಆದ್ರೆ ಹೋದ್ ವರ್ಸದ ಬಾಕಿ ಚಪ್ಪಲಿನೂ ಜೊತೇಲೇ ಕಟ್ಟಿಕೊಡಬೇಕಾಯ್ತದೆ."

ಪುಟ್ಟಮಾದಯ್ಯನವರು ಹೂವನ್ನು ಕಿವಿಗೆ ಸಿಕ್ಕಿಸಿಕೊಂಡು, ನಗುನಗುತ್ತಾ ವೇದಿಕೆಗೆ ವಾಪಸಾದರು.