ಕಿಲುಬು ಹಿಡಿದ ಕಾರ್ಡು

ಮೇಜಿನ ಮೇಲೆ ಕಂಪ್ಯೂಟರಿನ ಡಬ್ಬಿ ಹೊಟ್ಟೆ ತೆರೆದು ಮಲಗಿತ್ತು. ಒಳಗೆ ಬೂದುಬಣ್ಣದ ಧೂಳು, ಅಂಗಾತ ಬಿದ್ದು ಒಣಗಿದ ಜಿರಲೆ, ಹೆಣೆದುಕೊಂಡ ತಂತಿಗಳು. ಕಿಟಕಿಯ ಬಿಸಿಲು ಅಂಚಿನಿಂದ ಮೆಲ್ಲನೆ ಒಳಗಿಳಿದು, ಪುಟ್ಟದೊಂದು ಹಸಿರು ಹಲಗೆಯ ಮೇಲೆ ನಿಂತಿತ್ತು. ಏನೂ ಅಲುಗುತ್ತಿರಲಿಲ್ಲ. ನಾತ ಮಾತ್ರ ಏಳುತ್ತಿತ್ತು.

ಸಹಕಾರ ಸಂಘದ ಕಾರ್ಯದರ್ಶಿ ಶರಣಬಸಪ್ಪ ಮೂಗಿಗೆ ಟವೆಲ್ ಒತ್ತಿಕೊಂಡ. ಯಲಬುರ್ಗಾದಾಚೆಯ ಆ ಸಣ್ಣ ಕಚೇರಿಯ ಕಂಪ್ಯೂಟರಿಗೆ ತನ್ನ ನೆಟ್‌ವರ್ಕ್ ಕಾರ್ಡೇ ಕಾಣುತ್ತಿರಲಿಲ್ಲ. ಕೊಪ್ಪಳದ ಜಿಲ್ಲಾ ಕಚೇರಿಯ ಸಾಹೇಬರು ಕಾರಣ ಕೇಳಿದ್ದರು. ಆಪರೇಟರ್ ಹುಲಗಮ್ಮ ಕೆಡಿಸಿದಳೆಂದು ರಿಪೇರಿಯವನ ಬಾಯಿಂದಲೇ ಹೇಳಿಸಿದರೆ ಅವಳ ಕೆಲಸ ಹೋಗುತ್ತದೆ. ಅದಕ್ಕೆಂದೇ ಇಂದು ಬರಬೇಡವೆಂದು ಅವಳಿಗೆ ಹೇಳಿಕಳಿಸಿದ್ದ.

ರಿಪೇರಿಗೆ ಬಂದ ಪಂಪಾಪತಿಯ ಹಣೆಯ ತುಂಬ ವಿಭೂತಿ, ಮೆತ್ತನೆಯ ಮಾತು. ಅದನ್ನು ಕಂಡೇ ಶರಣಬಸಪ್ಪ ಮಧ್ಯಾಹ್ನ ತನ್ನ ಬುತ್ತಿ ಬಿಚ್ಚಿ, ಒಂದೇ ತಾಟಿನಲ್ಲಿ ಅವನ ಜೊತೆ ರೊಟ್ಟಿ ಮುರಿದಿದ್ದ.

ಪಂಪಾಪತಿ ಕಾರ್ಡಿನ ಡ್ರೈವರ್ ತಂತ್ರಾಂಶವನ್ನು ಹೊಸದಾಗಿ ಹಾಕಿದ. ಕಾರ್ಡಿನ ಸ್ಲಾಟು ಬದಲಿಸಿದ. ಪರದೆ ಒಪ್ಪಲಿಲ್ಲ. ಕೊನೆಗೆ ಕಾರ್ಡು ಕಿತ್ತು ಬಿಸಿಲಿಗೆ ಹಿಡಿದ. ಅದರ ಸಣ್ಣ ಹಲ್ಲುಗಳಿಗೆ ಕಿಲುಬು ಹತ್ತಿತ್ತು.

"ಇಲಿ ಉಚ್ಚಿ ಹೊಯ್ದಾವೇನ್ರಿ?"

"ಇಲಿ ಎಲ್ಲೀದೋ ತಮ್ಮಾ, ಗೋಮೂತ್ರ ಅದು." ಶರಣಬಸಪ್ಪ ಟವೆಲ್ ಸರಿಸಿ ನಕ್ಕ. "ಆಕಿ ಎದ್ದು ಹೋದಮ್ಯಾಲೆ ದಿನಾ ಸಂಜಿಕ ನಾನ ಚಿಮುಕಸ್ತೀನಿ. ಊರ ಹೊರಗಿನ ಕೇರಿಯಾಕಿ. ಆಕಿ ಮುಟ್ಟಿದ್ದನ್ನ ನಾ ಮುಟ್ಟಬೇಕಲ್ಲ."

"ಡಬ್ಬಿಗೂ ಏನ್ರಿ?"

"ಹಿಂದ ತೂತ ಅದಾವಲ್ಲ, ಅಲ್ಲೇ ಬಿಡ್ತೀನಿ. ಒಳಗೂ ಶುದ್ಧ ಆಗಲಿ."

ಪಂಪಾಪತಿ ಮುಖ ಕಿವುಚಿದ. ತನ್ನದೇ ಅಸಹ್ಯವನ್ನು ಇನ್ನೊಂದು ಮುಖದಲ್ಲಿ ಕಂಡು ಶರಣಬಸಪ್ಪನಿಗೆ ಹಿತವೆನಿಸಿತು.

"ನೀ ಸಾಹೇಬ್ರಿಗೆ ಇಷ್ಟ ಹೇಳು. ಆಕೀನ ನೀರು ಚೆಲ್ಯಾಳ ಅನ್ನು. ಛಲೋ ಮನಿತನದವಗ ಬಿಡಿಸಿ ಹೇಳಬೇಕೇನು?"

ತಾನೇ ಫೋನು ಹಚ್ಚಿ ಕೊಟ್ಟ. ಪಂಪಾಪತಿ ರಿಸೀವರನ್ನು ಕಿವಿಗಿಟ್ಟುಕೊಂಡ.

"ಸಾಹೇಬ್ರ, ಕಾರ್ಡು ಗೋಮೂತ್ರದಿಂದ ಕೆಟ್ಟೈತ್ರಿ. ಹೊಯ್ದವರು ಕಾರ್ಯದರ್ಶಿಗಳು. ಅವರ ಬಾಯಿಲೇನ ಕೇಳೀನ್ರಿ. ಆಪರೇಟರದು ಏನೂ ತಪ್ಪಿಲ್ಲ."

ಫೋನು ಇಟ್ಟು, ಸಾಮಾನುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದ.

ಶರಣಬಸಪ್ಪ ಅವನತ್ತ ಒಂದು ಹೆಜ್ಜೆ ಇಟ್ಟ. "ನಮ್ಮ ಜಾತ್ಯಾಂವ ಅಂತ ತಿಳಿದಿದ್ನಲ್ಲೋ. ಆಕಿ ಏನಾಗಬೇಕು ನಿನಗ?"

"ಒಡಹುಟ್ಟಿದ ತಂಗಿ ರೀ," ಎಂದ ಪಂಪಾಪತಿ. ಅವನ ಬೆನ್ನ ಹಿಂದೆ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.